ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವವರು ಅಂತಾರಾಷ್ಟ್ರೀಯ ಮೂಟ್ ಕೋರ್ಟ್‌ಗೆ ನಿಲ್ಲಬಹುದೇ?

ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಕಾನೂನು ಓದುವ ಮಕ್ಕಳ ತಂದೆತಾಯಂದಿರು ಸಿಕ್ಕರೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ: "ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಹೇಗೋ ಇಂಗ್ಲಿಷ್. ಇಂಥವರು ಜೆಸಪ್‌ನಂಥ ಸ್ಪರ್ಧೆಗೆ ನಿಲ್ಲಬಹುದಾ?" ಖಂಡಿತ ನಿಲ್ಲಬಹುದು. ಮೂಟ್ ಅಂದರೆ ಕಾನೂನು ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿದ್ದಂತೆ ವಾದಿಸುವ ಅಣಕು ವ್ಯಾಜ್ಯ. ಅದನ್ನು ಭಾಷಣ ಸ್ಪರ್ಧೆ ಎಂದುಕೊಂಡಾಗ ಈ ಅಳುಕು ಹುಟ್ಟುತ್ತದೆ. ಅಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಸರಿಯಾಗಿ ಓದದೆ, ಕೇಳಿದ್ದನ್ನು ಕೇಳಿಸಿಕೊಳ್ಳದೆ.

ಜೆಸಪ್ ಶುರುವಾದದ್ದು 1960ರಲ್ಲಿ. ಎರಡು ಕಾಲ್ಪನಿಕ ದೇಶಗಳು ತಮ್ಮ ಜಗಳವನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿವೆ ಎಂದು ಊಹಿಸಿ ಆಡುವ ವ್ಯಾಜ್ಯ ಅದು. ಒಪ್ಪಿಸುವ ಪತ್ರದ ಹೆಸರು ಕಾಂಪ್ರೊಮಿ (ಕೊನೆಯ 'ಸ್' ಉಚ್ಚರಿಸಬೇಡಿ, ಅದು ಫ್ರೆಂಚ್ ಪದ). ತಂಡದಲ್ಲಿ 2ರಿಂದ 5 ಜನ. ಅರ್ಜಿದಾರ ದೇಶದ ಪರವಾಗಿ ಒಂದು, ಪ್ರತಿವಾದಿ ದೇಶದ ಪರವಾಗಿ ಇನ್ನೊಂದು ಮೆಮೋರಿಯಲ್ (ಲಿಖಿತ ವಾದ) ಬರೆಯಬೇಕು. ಎರಡನ್ನೂ ಬರೆಯುವುದು ಅದೇ ತಂಡ, ಎರಡೂ ಕಡೆ ವಾದಿಸುವುದೂ ಅದೇ ತಂಡ.

ಮೊದಲ ಎರಡು ವಾರ ಪುಸ್ತಕ ಮುಟ್ಟಬೇಡಿ, ಕಾಂಪ್ರೊಮಿಯನ್ನೇ ಓದಿ. ಅದರ ಪ್ಯಾರಾಗಳಿಗೆ ಸಂಖ್ಯೆ ಇರುತ್ತದೆ. ಪ್ರತಿ ಪ್ಯಾರಾದ ಎದುರು ಇದು ಯಾರಿಗೆ ಅನುಕೂಲ, ಯಾರಿಗೆ ತೊಡಕು ಎಂದು ಬರೆದುಕೊಳ್ಳಿ. ಎರಡು ದೇಶಗಳೂ ಯಾವ ಒಪ್ಪಂದಗಳಿಗೆ ಸೇರಿವೆ ಎಂಬುದು ಸಾಮಾನ್ಯವಾಗಿ ಕೊನೆಯ ಪ್ಯಾರಾಗಳಲ್ಲಿ ಅಡಗಿ ಕೂತಿರುತ್ತದೆ. ಒಂದು ದೇಶ ಸಹಿ ಹಾಕಿ ಅನುಮೋದಿಸದೆ ಬಿಟ್ಟಿದ್ದರೆ, ಅದನ್ನು ಗಮನಿಸದ ತಂಡದ ಅರ್ಧ ವಾದ ಅಲ್ಲೇ ಕುಸಿಯುತ್ತದೆ. ಆಮೇಲೆ ಹೊರಬರುವ ತಿದ್ದುಪಡಿ, ಸ್ಪಷ್ಟೀಕರಣಗಳನ್ನು ಓದದೆ ಹಳೆಯ ಪ್ರತಿಯಿಂದಲೇ ವಾದಿಸಿದರೂ ಅದೇ ಗತಿ.

ನಮ್ಮ ವಿದ್ಯಾರ್ಥಿಗಳು ಎಡವುವ ಇನ್ನೊಂದು ಜಾಗ ಆಧಾರ. ಭಾರತದ ನ್ಯಾಯಾಲಯಗಳ ಅಭ್ಯಾಸದಲ್ಲಿ ಬೆಳೆದವರಿಗೆ ಹಿಂದಿನ ತೀರ್ಪು ಅಂದರೆ ಕಟ್ಟುಪಾಡು. ಹೇಗ್‌ನಲ್ಲಿ ಹಾಗಿಲ್ಲ. ನ್ಯಾಯಾಲಯದ ಶಾಸನದ 59ನೇ ವಿಧಿಯಂತೆ ತೀರ್ಪು ಆ ವ್ಯಾಜ್ಯದ ಪಕ್ಷಗಳಿಗೆ ಮಾತ್ರ ಬದ್ಧ. 38ನೇ ವಿಧಿಯ ಸಾಲಿನಲ್ಲಿ ಒಪ್ಪಂದ, ರೂಢಿ (ದೇಶಗಳು ಕಾನೂನೆಂದೇ ಪಾಲಿಸಿಕೊಂಡು ಬಂದ ನಡವಳಿಕೆ), ಸಾಮಾನ್ಯ ತತ್ವಗಳು ಮೂಲ. ತೀರ್ಪುಗಳೂ ವಿದ್ವಾಂಸರ ಬರಹಗಳೂ ಪೂರಕ. "ಈ ತೀರ್ಪು ಬೈಂಡಿಂಗ್" ಎಂದ ಕೂಡಲೇ ಪೀಠದಿಂದ ಪ್ರಶ್ನೆ ಬೀಳುತ್ತದೆ. 2001ರ ರಾಷ್ಟ್ರ ಹೊಣೆಗಾರಿಕೆಯ ವಿಧಿಗಳನ್ನು ಒಪ್ಪಂದವೆಂಬಂತೆ ಉಲ್ಲೇಖಿಸಿದರೂ ಹಾಗೇ ಆಗುತ್ತದೆ. ಅದು ಅಂತಾರಾಷ್ಟ್ರೀಯ ಕಾನೂನು ಆಯೋಗ ರೂಪಿಸಿದ ಪಠ್ಯ. ನೀವು ಹಿಡಿದ ವಿಧಿ ರೂಢಿಯಾಗಿದೆ ಎಂದು ತೋರಿಸುವ ಹೊಣೆ ನಿಮ್ಮದೇ.

ಇದನ್ನು ಕಲಿಯಲು ನಮ್ಮ ಕಡೆಯದೇ ಒಂದು ವ್ಯಾಜ್ಯವಿದೆ. 1954ರಲ್ಲಿ ದಾದ್ರಾ ಮತ್ತು ನಗರ ಹವೇಲಿ ಪೋರ್ಚುಗೀಸರ ಕೈತಪ್ಪಿತು. ಆಗ ಪೋರ್ಚುಗೀಸರದೇ ಆಗಿದ್ದ ದಮಣ್‌ನಿಂದ ಅಲ್ಲಿಗೆ ಹೋಗಲು ಭಾರತ ದಾರಿ ಬಿಡುತ್ತಿಲ್ಲವೆಂದು 1955ರಲ್ಲಿ ಪೋರ್ಚುಗಲ್ ಹೇಗ್‌ಗೆ ಹೋಯಿತು. ಭಾರತದ ಪರ ವಾದಿಸಿದವರಲ್ಲಿ ಎಂ.ಸಿ. ಸೆಟಲ್ವಾಡ್ ಇದ್ದರು, ಆ ಒಂದು ವ್ಯಾಜ್ಯಕ್ಕಷ್ಟೇ ಭಾರತ ಆರಿಸಿದ ತಾತ್ಕಾಲಿಕ ನ್ಯಾಯಾಧೀಶರಾಗಿ ಎಂ.ಸಿ. ಛಾಗ್ಲಾ ಕೂತಿದ್ದರು, ಇಬ್ಬರೂ ಮುಂಬಯಿಯವರು. 1960ರ ತೀರ್ಪಿನ ಪ್ರಕಾರ ಖಾಸಗಿ ಜನ, ನಾಗರಿಕ ಅಧಿಕಾರಿಗಳು, ಸರಕು ಹಾದುಹೋಗಲು ಪೋರ್ಚುಗಲ್‌ಗೆ ಹಕ್ಕಿತ್ತು. ಸೈನ್ಯ, ಸಶಸ್ತ್ರ ಪೊಲೀಸ್, ಮದ್ದುಗುಂಡಿಗೆ ಇರಲಿಲ್ಲ. ಭಾರತ ತನ್ನ ಬಾಧ್ಯತೆ ಮುರಿದಿಲ್ಲ. ಎರಡೇ ದೇಶಗಳ ನಡುವೆಯೂ ದೀರ್ಘ ಬಳಕೆಯಿಂದ ರೂಢಿ ಹುಟ್ಟಬಹುದು ಎಂಬ ಮಾತು ಅಲ್ಲಿ ಬಂತು. ಈ ಒಂದೇ ತೀರ್ಪನ್ನಿಟ್ಟುಕೊಂಡು ಒಂದು ದಿನ ಪೋರ್ಚುಗಲ್ ಪರ, ಮರುದಿನ ಭಾರತದ ಪರ ಹತ್ತು ಹತ್ತು ನಿಮಿಷ ವಾದಿಸಿ ನೋಡಿ. ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ತೋಚಿಲ್ಲ.

ಇನ್ನು ಮಾತಿನ ವಿಷಯ. ಒಂದು ಪಕ್ಷಕ್ಕೆ ಸಿಗುವುದು 45 ನಿಮಿಷ, ವಾದಿಸುವವರು ಇಬ್ಬರು, ಒಬ್ಬರು 25 ನಿಮಿಷ ಮೀರುವಂತಿಲ್ಲ. ಮರುವಾದದ ಸಮಯವೂ ಇದರಲ್ಲೇ ಸೇರುತ್ತದೆ. 21, 20, ಮರುವಾದಕ್ಕೆ 4 ಎಂದು ಹಂಚಿಕೊಳ್ಳಬಹುದು. 21 ನಿಮಿಷಕ್ಕೆ 21 ನಿಮಿಷದ ಭಾಷಣ ಬರೆದುಕೊಂಡು ಹೋದವರು ಕೆಡುತ್ತಾರೆ, ಏಕೆಂದರೆ ಎರಡನೇ ನಿಮಿಷದಿಂದಲೇ ಪ್ರಶ್ನೆ ಬರಬಹುದು. ಬರೆದದ್ದು 10 ನಿಮಿಷದ್ದಿರಲಿ. ನ್ಯಾಯಾಧೀಶರು ಬಾಯಿ ತೆರೆದೊಡನೆ ನೀವು ಮುಚ್ಚಿ. ಮೊದಲು ಹೌದು ಅಥವಾ ಇಲ್ಲ, ಆಮೇಲೆ ಕಾರಣ, ಆಮೇಲೆ ಪ್ಯಾರಾ ಸಂಖ್ಯೆ ಇಲ್ಲವೇ ಆಧಾರ. "ಅದಕ್ಕೆ ಆಮೇಲೆ ಬರುತ್ತೇನೆ" ಎಂದರೆ ಉತ್ತರ ಗೊತ್ತಿಲ್ಲವೆಂದೇ ಪೀಠ ತಿಳಿಯುತ್ತದೆ. ನಿಜಕ್ಕೂ ಗೊತ್ತಿಲ್ಲದಿದ್ದರೆ ಹಾಗೆಂದು ಹೇಳುವುದೇ ಮೇಲು. ಇಲ್ಲದ ತೀರ್ಪು ಹುಟ್ಟಿಸಿದರೆ ಆ ಸುತ್ತು ಮುಗಿದಂತೆ.

ಇಷ್ಟಕ್ಕೆ ಬೇಕಾದ ಇಂಗ್ಲಿಷ್ ಎಷ್ಟು? ಎಂಟು ಹತ್ತು ಪದಗಳ ವಾಕ್ಯ, ನಿಧಾನದ ಉಚ್ಚಾರ, ಒಪೀನಿಯೋ ಜೂರಿಸ್‌ನಂಥ (ರೂಢಿಯನ್ನು ಕಾನೂನೆಂದೇ ಪಾಲಿಸುತ್ತೇವೆಂಬ ದೇಶಗಳ ನಂಬಿಕೆ) ಇಪ್ಪತ್ತು ಮೂವತ್ತು ಪದಗಳ ಮೇಲೆ ಹಿಡಿತ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ ಆಡುವ ಡೊಂಬಿವಲಿಯ ಹುಡುಗಿಗೆ ಎದುರಿನವರ ಮುಖ ನೋಡಿ ಮಾತು ಬದಲಿಸುವುದು ಬಂದೇ ಇರುತ್ತದೆ, ಪೀಠದ ಮುಂದೆ ಬೇಕಾಗುವುದೂ ಅದೇ. ಮೊದಲ ವರ್ಷವೇ ವಾದಕ್ಕೆ ನಿಲ್ಲಬೇಕೆಂದೇನಿಲ್ಲ. ಮುಂಬಯಿಯ ಸರ್ಕಾರಿ ಕಾನೂನು ಕಾಲೇಜು ಡಿ.ಎಂ. ಹರೀಶ್ ಸ್ಮಾರಕ ಅಂತಾರಾಷ್ಟ್ರೀಯ ಮೂಟ್ ನಡೆಸುತ್ತದೆ. ನಿಮ್ಮ ಊರಿನಲ್ಲಿ ಇಂಥದ್ದು ನಡೆದಾಗ ಸಮಯಪಾಲಕರಾಗಿಯೋ ಪ್ರೇಕ್ಷಕರಾಗಿಯೋ ಅವಕಾಶ ಕೇಳಿ, ಕೂತು ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳಿ.

ಮತ್ತೆ, ವಾದ ಸಿದ್ಧವಾದ ಮೇಲೆ ಅದನ್ನು ಕಾನೂನು ಓದದ ಅಮ್ಮನಿಗೋ ಅಜ್ಜನಿಗೋ ಕನ್ನಡದಲ್ಲಿ ಮೂರು ನಿಮಿಷ ಹೇಳಿ. ಅವರು "ಹಾಗಾದರೆ ಆ ಇನ್ನೊಂದು ದೇಶ ಏನನ್ನುತ್ತದೆ?" ಎಂದು ಕೇಳಿದರೆ ವಾದ ಅರ್ಥವಾಗಿದೆ. ಸುಮ್ಮನೆ ತಲೆಯಾಡಿಸಿದರೆ ಇಂಗ್ಲಿಷ್ ತಿದ್ದಲು ಹೋಗಬೇಡಿ, ವಾದವನ್ನು ಮೊದಲಿಂದ ಕಟ್ಟಿ.