ಇಂಚು ತುಂಬಿತ್ತು, ಚೀಲ ಉಳಿದಿತ್ತು

ಚಿಕ್ಕಮಗಳೂರಲ್ಲಿ ನಂದು ಹೆಂಚು, ಸೀಲಿಂಗ್ ಕೆಲಸ. ಎರಡು ವರ್ಷದ ಹಿಂದೆ ಮೂಡಿಗೆರೆ ಕಡೆ ಒಂದು ಹೋಂಸ್ಟೇ ಅಟ್ಟಕ್ಕೆ ಸೆಲ್ಯುಲೋಸ್, ಅಂದರೆ ಕಾವು ತಡೆಯುವ ಕಾಗದದ ಪುಡಿ ತುಂಬುವ ಕೆಲಸ ಬಂತು. ಏಪ್ರಿಲ್ ಮಧ್ಯಾಹ್ನ ಹೆಂಚಿನ ಕಾವೆಲ್ಲ ಮರದ ಸೀಲಿಂಗ್ ದಾಟಿ ಕೋಣೆಗೆ ಇಳಿಯುತ್ತಿತ್ತು. ಮಾಲೀಕರು ಅಮೆರಿಕದಿಂದ ಮಾಲು ತರಿಸಿದ್ದರು. ಹೆಚ್ಚಿನ ಪಾಲು ಹಳೇ ನ್ಯೂಸ್‌ಪೇಪರ್ ಪುಡಿ. ಬೇಗ ಬೆಂಕಿ ಹಿಡಿಯದಿರಲಿ, ಹುಳ ಸೇರದಿರಲಿ ಅಂತ ಬೋರಿಕ್ ಆಸಿಡ್ ಬೆರೆಸಿರುತ್ತಾರೆ.

ಕಾಗದ ಅಂದಮೇಲೆ ನನಗೆ ಮಳೆಯದೇ ಭಯ. ನಮ್ಮ ಜುಲೈ ಮಳೆಗೆ ಒಂದು ಹೆಂಚು ಜಾರಿದರೂ ಸಾಕು, ಅಟ್ಟದಲ್ಲಿ ಮುದ್ದೆ ತಯಾರು! ಒಡೆದ ಹೆಂಚು ಬದಲಿಸಿ, ಹೆಂಚಿನ ಅಡಿಗೆ ಶೀಟ್ ಹಾಕಿ, ಸೂರಿನ ಹತ್ತಿರ ಗಾಳಿ ಆಡಲು ಜಾಗ ಬಿಟ್ಟೆವು. ಇದಕ್ಕೇ ನಾಲ್ಕು ದಿನ ಹೋಯಿತು.

ತುಂಬಿದ್ದು ಒಂದೇ ದಿನ. ಕೆಳಗೆ ಹುಡುಗ ಮೆಷಿನ್‌ಗೆ ಚೀಲ ಸುರಿಯುತ್ತಿದ್ದ, ಮೇಲೆ ನಾನು ಮಾಸ್ಕ್ ಕಟ್ಟಿ ಪೈಪ್ ಹಿಡಿದಿದ್ದೆ. ಪೈಪ್ ಕಟ್ಟಿಕೊಳ್ಳಬಾರದು ಅಂತ ಗಾಳಿ ಜಾಸ್ತಿ ಇಟ್ಟಿದ್ದೆ. ಪುಡಿ ಹಿಂಜಿದ ಹತ್ತಿ ಹಾಗೆ ಉಬ್ಬಿಕೊಂಡು ಬಿತ್ತು. ತೊಲೆಗೆ ಹೊಡೆದಿದ್ದ ಅಳತೆ ಪಟ್ಟಿಯಲ್ಲಿ ಎಲ್ಲಾ ಕಡೆ 10 ಇಂಚು.

"ಅಣ್ಣ, 11 ಚೀಲ ಮಿಕ್ಕಿದೆಯಲ್ಲ?" ಅಂದ ಹುಡುಗ.

"ಮಿಕ್ಕರೆ ಒಳ್ಳೇದೇ ಅಲ್ವಾ" ಅಂದೆ. ತಂದಿದ್ದು 44.

ಮುಂದಿನ ಬೇಸಿಗೆಗೆ ಮಾಲೀಕರ ಫೋನ್ ಬಂತು. "ಏನ್ರೀ, ಸೆಕೆ ಮತ್ತೆ ಶುರುವಾಯ್ತಲ್ಲ." ಹತ್ತಿ ನೋಡಿದೆ. ಒಂದು ಹನಿ ನೀರು ಬಿದ್ದಿಲ್ಲ, ಇಲಿ ಓಡಾಡಿಲ್ಲ. ಆದರೆ ಪಟ್ಟಿಯಲ್ಲಿ ಏಳೂವರೆ ಇಂಚು! ಮುಕ್ಕಾಲು ಪಾಲು ಮಾಲು ಹಾಕಿದ್ದೆ, ಮುಕ್ಕಾಲು ಪಾಲು ದಪ್ಪ ಉಳಿದಿತ್ತು.

ಶೆಡ್ಡಿನಲ್ಲಿದ್ದ ಚೀಲ ತಿರುಗಿಸಿದೆ. ಇಷ್ಟು ಜಾಗಕ್ಕೆ ಇಷ್ಟು ಚೀಲ, ತುಂಬಿದಾಗ ಇಷ್ಟು ದಪ್ಪ, ಪುಡಿ ಕುಸಿದು ಕೂತ ಮೇಲೆ ಇಷ್ಟು ಅಂತ ಪೂರ್ತಿ ಚಾರ್ಟ್ ಇತ್ತು. ಅಮೆರಿಕದ ಕಾನೂನಿನಲ್ಲಿ ಅದನ್ನು ಅಚ್ಚು ಹಾಕಲೇಬೇಕು. ಕೂತ ಮೇಲೆ 10 ಬೇಕಾದರೆ ತುಂಬುವಾಗಲೇ ಹನ್ನೊಂದೂವರೆ ಬರಬೇಕಿತ್ತು, ಅದೂ 44 ಚೀಲದಲ್ಲಿ. ಸುಮ್ನೆ ಗಾಳಿ ಅಳೆದು ಬಂದಿದ್ದೆ ನಾನು.

ಮೆಷಿನ್ ಬಾಡಿಗೆ ಕೈಯಿಂದ ಕೊಟ್ಟು ಆ 11 ಚೀಲವನ್ನೂ ತುಂಬಿದೆ. ಈಗ ಅರ್ಧ ಅಟ್ಟ ಮುಗಿದಾಗ ಚೀಲಗಳಲ್ಲಿ ಅರ್ಧದಷ್ಟು ಖಾಲಿಯಾಗದಿದ್ದರೆ ಅಲ್ಲೇ ಮೆಷಿನ್ ನಿಲ್ಲಿಸಿ ಗಾಳಿ ಇಳಿಸುತ್ತೇನೆ. ಖಾಲಿ ಚೀಲಗಳನ್ನು ಮನೆಯವರ ಮುಂದೆಯೇ ಎಣಿಸುತ್ತೇನೆ. ಆವತ್ತು ಆ ಮಾಲೀಕರು 44ನ್ನೂ ಎಣಿಸಿ, ಸೌದೆ ಮುಚ್ಚಲು ಬೇಕು ಅಂತ ಒಳಗಿಟ್ಟುಕೊಂಡರು.