ಪಾವು ಮಂಡಕ್ಕಿ

ಬೇಸಿಗೆ ಕಾರ್ಯಕ್ರಮದ ಸುತ್ತೋಲೆ ಮೊನ್ನೆ ಬಂತು. ಅದೇ ಹಳೇ ಒಕ್ಕಣೆ. ಶಾಲೆಗೆ ರಜೆ ಬಿಟ್ಟ ದಿನದಿಂದ ಮೇ ಕೊನೆಯವರೆಗೆ ವಿಶೇಷ ಪ್ರದರ್ಶನ, ಭಾನುವಾರ ಮಕ್ಕಳಿಗೂ ಮನೆಯವರಿಗೂ ಸೇರಿ ಏನಾದರೊಂದು ಚಟುವಟಿಕೆ, ಮೇ 18ಕ್ಕೆ ಮ್ಯೂಸಿಯಂ ದಿನಾಚರಣೆ, ಫೋಟೋಗಳು ಸಂಜೆ ಐದರೊಳಗೆ ಗ್ರೂಪಿಗೆ. ಖರ್ಚಿನ ಬಗ್ಗೆ ಒಂದೇ ಸಾಲು: ‘ಲಭ್ಯವಿರುವ ಅನುದಾನದಲ್ಲಿ ನಿರ್ವಹಿಸುವುದು.’ ಅಂದರೆ ಕೈಯಿಂದ ಹಾಕಿ ಅಂತ.

ಸುತ್ತೋಲೆ ಓದುತ್ತಿದ್ದ ಹಾಗೇ ನನಗೆ ಹಿಂದಿನ ಬೇಸಿಗೆಯ ಪಾವು ನೆನಪಾಯಿತು. ಇಷ್ಟು ದಿನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಹೇಳಿದಾಗಲೆಲ್ಲ ನಗು ಬರುವ ಅರ್ಧ ಮಾತ್ರ ಹೇಳಿದ್ದೆ.

ನಮ್ಮದು ಹಾಸನ ಕಡೆಯ ಒಂದು ಸಣ್ಣ ಊರಿನ ಮ್ಯೂಸಿಯಂ. ಎರಡು ಗ್ಯಾಲರಿ, ಅಂಗಳದಲ್ಲಿ ಒಂದಷ್ಟು ವೀರಗಲ್ಲು, ಒಂದು ಹೊಂಗೆ ಮರ. ಇರುವವರು ಮೂರು ಜನ: ನಾನು, ಗೇಟಿನಲ್ಲಿ ಟಿಕೆಟ್ ಕೊಡುವ ಹುಡುಗ, ಕಸ ಗುಡಿಸುವುದರಿಂದ ಹಿಡಿದು ಕಾಫಿ ಮಾಡುವವರೆಗೆ ಎಲ್ಲ ನೋಡಿಕೊಳ್ಳುವ ಅಕ್ಕ. ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ‘ಹಲ್ಮಿಡಿ ಶಾಸನ ಎಲ್ಲಿ ಮೇಡಂ?’ ಅಂತ. ಹಲ್ಮಿಡಿ ನಮ್ಮ ಜಿಲ್ಲೆಯದೇ, ಮೂಲ ಕಲ್ಲು ಇರುವುದು ಮೈಸೂರಿನಲ್ಲಿ ಅಂತ ಹೇಳುವಾಗ ಅವರ ಮುಖ ನೋಡಬೇಕು. ನಾನೇ ಮಾರಿಬಿಟ್ಟೆ ಅನ್ನುವ ಹಾಗೆ ನೋಡುತ್ತಾರೆ.

ಆ ವರ್ಷದ ಪ್ರದರ್ಶನ ಅಳತೆಯ ಪಾತ್ರೆಗಳದ್ದು. ನಮ್ಮ ಹತ್ತಿರ ಇದ್ದದ್ದು ಕಡಿಮೆ. ಊರವರ ಮನೆ ಮನೆಗೆ ಹೋಗಿ ಎರವಲು ತಂದೆ. ಅಟ್ಟದ ಮೇಲೆ ಜೇಡ ಕಟ್ಟಿದ್ದ ಸೇರು, ಅಚ್ಚೇರು, ಒಬ್ಬರ ಮನೆಯಲ್ಲಿ ಪೆನ್ನು ಹಾಕಲು ಇಟ್ಟಿದ್ದ ಚಟಾಕು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಒಬ್ಬ ತಾತ ಕೊಟ್ಟ ಕೊಳಗ. ಮರದ್ದು, ಬಾಯಿಗೂ ತಳಕ್ಕೂ ಕಬ್ಬಿಣದ ಪಟ್ಟಿ, ಒಳಗೆಲ್ಲ ಭತ್ತ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ನುಣುಪು. ಕೊಡುವಾಗ ತಾತ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಣದಲ್ಲಿ ಹೇಗೆ ಅಳೆಯುತ್ತಿದ್ದರು ಅಂತ ತೋರಿಸಿದರು. ಮೊದಲ ಕೊಳಗಕ್ಕೆ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು. ಗೋಪುರ ಕಟ್ಟಿ ಅಳೆಯುವುದು ಬೇರೆ, ಕೈಯಲ್ಲಿ ಸವರಿ ಅಳೆಯುವುದು ಬೇರೆ. ಸಾಲ ಕೊಟ್ಟವನು ಯಾವುದರಲ್ಲಿ ವಸೂಲಿ ಮಾಡುತ್ತಿದ್ದ ಅಂತ ಕೇಳಿದರೆ ಬರೀ ನಕ್ಕರು.

ಭಾನುವಾರದ ಚಟುವಟಿಕೆಗೆ ‘ಮುಟ್ಟಿ ನೋಡಿ’ ಟೇಬಲ್ ಹಾಕಿದ್ದೆ. ತಟ್ಟೆಯಲ್ಲಿ ರಾಗಿ, ಪಕ್ಕದಲ್ಲಿ ಪಾತ್ರೆಗಳು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಮಕ್ಕಳು ತಾವೇ ಸುರಿದು ಕಂಡುಕೊಳ್ಳಬೇಕು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನುವುದನ್ನು ಮಾತ್ರ ಬಾಯಲ್ಲೇ ಹೇಳುತ್ತಿದ್ದೆ, ಅಷ್ಟು ರಾಗಿ ಎಲ್ಲಿಂದ ತರಲಿ? ಶಾಸನಗಳಲ್ಲಿ ಭೂಮಿಯನ್ನೂ ಖಂಡುಗ, ಕೊಳಗದ ಲೆಕ್ಕದಲ್ಲೇ ದಾನ ಕೊಟ್ಟಿದ್ದಾರೆ ಅಂದರೆ ಮಕ್ಕಳಿಗೆ ನಗು. ಅಕ್ಕಿ ಅಳೆಯೋದರಲ್ಲಿ ಗದ್ದೆ ಹೇಗೆ ಅಳೀತಾರೆ? ಎಷ್ಟು ಬೀಜ ಬಿತ್ತಬಹುದೋ ಅಷ್ಟು ಗದ್ದೆ ಅಂತ ಹೇಳಿದ ಮೇಲೆ ಒಂದು ಹುಡುಗಿ ‘ಹಾಗಾದರೆ ಜಿಪುಣ ಬಿತ್ತಿದರೆ ಗದ್ದೆ ದೊಡ್ಡದಾಗುತ್ತಾ?’ ಅಂದಳು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ತಪ್ಪು ಇಲ್ಲಿಂದಲೇ ಶುರು. ಟೇಬಲ್ಲಿಗೆ ತಂದಿದ್ದ ತಗಡಿನ ಪಾವು ನೋಡಲು ದರಿದ್ರವಾಗಿತ್ತು. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಶೋಕೇಸಿನಿಂದ ನಮ್ಮದೇ ಹಿತ್ತಾಳೆ ಪಾವು ತೆಗೆದು ಅಲ್ಲಿಟ್ಟೆ. ಅಡಿಯಲ್ಲಿ ಅಕ್ಸೆಶನ್ ನಂಬರ್, ಅಂದರೆ ಮ್ಯೂಸಿಯಂ ರಿಜಿಸ್ಟರ್‌ನ ನಂಬರ್, ಇರುವ ಪಾವು. ಮೂವ್‌ಮೆಂಟ್ ರಿಜಿಸ್ಟರ್‌ನಲ್ಲಿ ಬರೆಯಲಿಲ್ಲ. ಹತ್ತು ಅಡಿ ದೂರಕ್ಕೆ ಏನು ಬರೆಯೋದು ಅಂತ ಉದಾಸೀನ.

ಆ ಭಾನುವಾರ ಜನ ಜಾಸ್ತಿ. ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಫ್ಯಾನಿಲ್ಲ, ಸಿಸಿಟಿವಿ ಇಲ್ಲ. ಅದರ ಯುಪಿಎಸ್ ಬ್ಯಾಟರಿ ಸತ್ತು ಎಂಟು ತಿಂಗಳಾಗಿತ್ತು, ಮೂರು ಪತ್ರ ಬರೆದಿದ್ದೆ. ಮಕ್ಕಳನ್ನೆಲ್ಲ ಮರದ ಕೆಳಗೆ ಕೂರಿಸಿ ವೀರಗಲ್ಲಿನ ಕಥೆ ಹೇಳಿದೆ. ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ಸತ್ತ ವೀರನನ್ನು ಕರೆದುಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ತುದಿಯಲ್ಲಿ ಸೂರ್ಯ ಚಂದ್ರ. ಅಕ್ಕ ಎಲ್ಲರಿಗೂ ಪಾನಕ ಕೊಟ್ಟರು. ಆಮೇಲೆ ಪೇಪರ್ ಪೊಟ್ಟಣದಲ್ಲಿ ಖಾರದ ಮಂಡಕ್ಕಿ. ನಾನೂ ಒಂದು ಪೊಟ್ಟಣ ತಿಂದೆ.

ನಾಲ್ಕೂ ಇಪ್ಪತ್ತಕ್ಕೆ ಟೇಬಲ್ ಎತ್ತಲು ಹೋದೆ. ಪಾವು ಇಲ್ಲ.

ಮೊದಲು ರಾಗಿಯೊಳಗೆ ಕೈ ಹಾಕಿದೆ. ಟೇಬಲ್ ಕೆಳಗೆ ನೋಡಿದೆ. ಶೋಕೇಸಿಗೆ ನಾನೇ ವಾಪಸ್ ಇಟ್ಟೆನಾ ಅಂತ ಹೋಗಿ ನೋಡಿದರೆ ಅಲ್ಲಿ ಪಾವು ಕೂತಿದ್ದ ಜಾಗದಲ್ಲಿ ದುಂಡಗೆ ಧೂಳಿಲ್ಲದ ಗುರುತು. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಬೆಲೆ ಅಲ್ಲ ವಿಷಯ. ಸಂತೆಯಲ್ಲಿ ಹುಡುಕಿದರೆ ಅಂಥದ್ದು ಸಿಗಬಹುದು. ಆದರೆ ರಿಜಿಸ್ಟರ್‌ನಲ್ಲಿರುವ ವಸ್ತು ಕಾಣೆಯಾದರೆ ಪೊಲೀಸ್ ದೂರು, ವಿಚಾರಣೆ, ಸಸ್ಪೆನ್ಶನ್. ಶೋಕೇಸಿನಿಂದ ತೆಗೆದವಳು ನಾನು, ಎಂಟ್ರಿ ಇಲ್ಲ. ಮುಂದಿನ ತಿಂಗಳೇ ಸ್ಟಾಕ್ ವೆರಿಫಿಕೇಶನ್ ಬೇರೆ. ಕಾಣಿಸಿದ್ದೆಲ್ಲ ನನ್ನ ತಲೆಯೇ. ಪಾವಿನ ಚಿಂತೆ ಆಮೇಲಿನದು.

ಟಿಕೆಟ್ ಹುಡುಗನಿಗೆ ಗೇಟ್ ಹಾಕಲು ಹೇಳಿದೆ. ಅಂಗಳದಲ್ಲಿ ಇನ್ನೂ ನಾಲ್ಕೈದು ಮನೆಯವರಿದ್ದರು. ನನ್ನ ಕಣ್ಣು ನೇರ ಒಬ್ಬ ಹುಡುಗನ ಮೇಲೆ ಹೋಯಿತು. ಹನ್ನೊಂದು ಹನ್ನೆರಡು ವರ್ಷ, ಬೆನ್ನಿಗೆ ಸ್ಕೂಲ್ ಬ್ಯಾಗು. ರಜೆಯಲ್ಲಿ ಯಾಕೆ ಸ್ಕೂಲ್ ಬ್ಯಾಗು? ಮಧ್ಯಾಹ್ನವೆಲ್ಲ ಟೇಬಲ್ ಹತ್ತಿರವೇ ಇದ್ದ. ‘ಇದನ್ನ ಮಾರಿದರೆ ಎಷ್ಟು ಬರುತ್ತೆ ಮಿಸ್?’ ಅಂತ ಕೇಳಿದ್ದ. ಆ ಪ್ರಶ್ನೆಯನ್ನು ದಿನಕ್ಕೆ ಹತ್ತು ಜನ ಕೇಳುತ್ತಾರೆ, ಯೂಟ್ಯೂಬ್‌ನಲ್ಲಿ ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಅಂತ ನೋಡಿರುತ್ತಾರಲ್ಲ. ಆ ಹೊತ್ತಿಗೆ ಅದೆಲ್ಲ ನನಗೆ ನೆನಪಾಗಲಿಲ್ಲ.

‘ಬ್ಯಾಗ್ ತೆಗಿ ನೋಡೋಣ’ ಅಂದೆ. ಮೆಲ್ಲಗೆ ಹೇಳಿದ್ದೇನೆ ಅಂದುಕೊಂಡಿದ್ದೆ. ಅಂಗಳ ಪೂರ್ತಿ ಸುಮ್ಮನಾದಾಗ ಗೊತ್ತಾಯಿತು, ಎಲ್ಲರಿಗೂ ಕೇಳಿಸಿದೆ.

ಹುಡುಗ ಅಳಲಿಲ್ಲ, ಎದುರು ಮಾತಾಡಲಿಲ್ಲ. ಬ್ಯಾಗ್ ಕೆಳಗಿಟ್ಟು ಜಿಪ್ ಎಳೆದ. ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟು ಹೊತ್ತು ಎಲ್ಲರೂ ನೋಡುತ್ತಾ ನಿಂತಿದ್ದೆವು. ನೀರಿನ ಬಾಟಲಿ, ಬಣ್ಣದ ಪೆನ್ಸಿಲ್ ಡಬ್ಬಿ, ಒಂದು ಟವೆಲ್. ಟವೆಲ್ ಒಳಗೆ ಜೋಪಾನವಾಗಿ ಸುತ್ತಿದ ಪೊಟ್ಟಣ. ಬಿಚ್ಚಿದ. ಅವನ ಪಾಲಿನ ಮಂಡಕ್ಕಿ. ‘ತಂಗಿಗೆ’ ಅಂದ.

ಆಗ ಮರದ ಕಟ್ಟೆಯಿಂದ ಒಬ್ಬರು ಎದ್ದು ಬಂದರು. ಕೊಳಗದ ತಾತ. ಹುಡುಗ ಅವರ ಮೊಮ್ಮಗ ಅಂತ ನನಗೆ ಗೊತ್ತೇ ಇರಲಿಲ್ಲ. ತಾತ ನನ್ನ ಕಡೆ ನೋಡಲಿಲ್ಲ. ಬಗ್ಗಿ ಪೊಟ್ಟಣ ಸುತ್ತಿ ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಅವನ ಹೆಗಲಿಗೆ ಏರಿಸಿದರು.

ಅಷ್ಟರಲ್ಲಿ ಅಡುಗೆ ಕೋಣೆ ಕಡೆಯಿಂದ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ‘ಏನ್ ಹುಡುಕ್ತಿದ್ದೀರಾ ಮೇಡಂ? ಪಾವಾ? ಮಂಡಕ್ಕಿ ಚೀಲದಲ್ಲೈತಲ್ಲ.’

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ. ಮಕ್ಕಳು ಜಾಸ್ತಿ, ಮಂಡಕ್ಕಿ ಕಡಿಮೆ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಆಗಬಾರದು ಅಂತ ಅಕ್ಕ ಟೇಬಲ್ಲಿನಿಂದ ಪಾವು ತಗೊಂಡು, ತೊಳೆದು, ತಲೆಗೊಂದು ಪಾವು ಅಳೆದು ಹಂಚಿದ್ದರು. ನಮ್ಮೆಲ್ಲರ ಪೊಟ್ಟಣವೂ ಅದೇ ಪಾವಿನಿಂದ ಅಳೆದದ್ದು. ಉಳಿದ ಮಂಡಕ್ಕಿ ಜೊತೆ ಅದೂ ಚೀಲದಲ್ಲೇ ಉಳಿದಿತ್ತು. ಹುಡುಗನ ಬ್ಯಾಗಿನಲ್ಲಿ ಒಂದು ಪಾವು ಮಂಡಕ್ಕಿ ಇತ್ತು, ಪಾವು ಇರಲಿಲ್ಲ.

ಅಕ್ಕನ ಮೇಲೆ ರೇಗಿದೆ. ಅದು ಎರಡನೇ ತಪ್ಪು. ‘ನಂಗ್ಯಾರು ಹೇಳಿದ್ರು ಮೇಡಂ? ಮುಟ್ಟಿ ನೋಡಿ ಅಂತ ನೀವೇ ಬೋರ್ಡ್ ಹಾಕಿದ್ರಿ’ ಅಂದರು. ನ್ಯಾಯವಾದ ಮಾತು. ಶನಿವಾರ ನಾನು ಮಾಡಿದ ಮೀಟಿಂಗಿಗೆ ಅವರನ್ನು ಕರೆದಿರಲಿಲ್ಲ. ಮೂರೇ ಜನರ ಆಫೀಸಿನಲ್ಲಿ ಇಬ್ಬರ ಮೀಟಿಂಗ್! ಇದನ್ನು ಬರೆಯುವಾಗಲೂ ನಾಚಿಕೆ.

ಹುಡುಗನ ಹತ್ತಿರ ಕ್ಷಮೆ ಕೇಳಿದೆ. ಕೇಳಿದ್ದು ಗೇಟಿನ ಹತ್ತಿರ, ಮೆತ್ತಗೆ, ಅವರಿಬ್ಬರಿಗೆ ಮಾತ್ರ ಕೇಳಿಸುವ ಹಾಗೆ. ಬ್ಯಾಗ್ ತೆಗೆಸಿದ್ದು ಮಾತ್ರ ಎಲ್ಲರ ಮುಂದೆ.

ಮಾರನೇ ದಿನ ಮ್ಯೂಸಿಯಂಗೆ ರಜೆ. ಮಂಗಳವಾರ ಬಾಗಿಲು ತೆಗೆಯುವ ಹೊತ್ತಿಗೆ ತಾತ ಎರವಲು ಚೀಟಿ ಹಿಡಿದು ನಿಂತಿದ್ದರು. ‘ನಿಮ್ ಪಾವು ಸಿಕ್ತಲ್ಲ ಮೇಡಂ. ನಮ್ ಕೊಳಗ ಕೊಟ್ಬಿಡಿ.’ ಜೋರಿಲ್ಲ, ಸಿಟ್ಟಿಲ್ಲ. ಪ್ರದರ್ಶನ ಮೇ ಕೊನೆವರೆಗಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಸಹಿ ಹಾಕಿಸಿಕೊಂಡು ಕೊಟ್ಟೆ. ಹೆಗಲ ಮೇಲೆ ಇಟ್ಟುಕೊಂಡು ನಡೆದೇ ಹೋದರು.

ಈಗ ನಂಬರ್ ಇರುವ ಯಾವ ವಸ್ತುವೂ ಟೇಬಲ್ಲಿಗೆ ಬರುವುದಿಲ್ಲ, ಫೋಟೋ ಹೇಗಾದರೂ ಬರಲಿ. ದಿನಕ್ಕೆ ಮೂರು ಸಲ ಎಣಿಸುತ್ತೇವೆ. ಎಣಿಸುವುದು ಅಕ್ಕ, ಅವರಿಗೂ ‘ಲಾಭ’ದಿಂದಲೇ ಶುರು ಮಾಡುವ ಅಭ್ಯಾಸ. ಬ್ಯಾಗು ಇಡಲು ಗೇಟಿನ ಹತ್ತಿರ ಒಂದು ರ‍್ಯಾಕ್ ಮಾಡಿಸಿದ್ದೇವೆ, ದೊಡ್ಡವರ ವ್ಯಾನಿಟಿ ಬ್ಯಾಗಿಗೂ ಸೇರಿ. ಯುಪಿಎಸ್ ಬ್ಯಾಟರಿಗೆ ಆರನೇ ಪತ್ರ ಹೋಗಿದೆ.

ಆ ಜೂನ್‌ನಲ್ಲಿ ವರದಿ ಕಳಿಸಲು ಮಕ್ಕಳ ಚಟುವಟಿಕೆ ಹಾಳೆಗಳನ್ನು ಜೋಡಿಸುತ್ತಿದ್ದೆ. ಚೆನ್ನಾಗಿ ಬರೆದ ಹತ್ತು ಹಾಳೆ ಲಗತ್ತಿಸಿ ಅಂತ ಮೇಲಿನವರು ಕೇಳಿದ್ದರು. ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಒಂದು ಹಾಳೆ ಸಿಕ್ಕಿತು. ಲೆಕ್ಕ ಎಲ್ಲಾ ಸರಿ. ಕೊನೆಯ ಪ್ರಶ್ನೆ, ‘ನಿಮ್ಮ ಮನೆಯಲ್ಲಿ ಹಳೇ ಅಳತೆ ಪಾತ್ರೆ ಇದೆಯೇ?’ ಅದರ ಮುಂದೆ ಕಬ್ಬಿಣದ ಪಟ್ಟಿ ಸಮೇತ ಕೊಳಗದ ಚಿತ್ರ ಬರೆದು, ಕೆಳಗೆ ‘ಇದೆ. ಆದರೆ ಈಗ ಮ್ಯೂಸಿಯಂನಲ್ಲಿದೆ’ ಅಂತ ಬರೆದಿದ್ದ.

ಬೇರೆ ಹತ್ತು ಹಾಳೆ ಕಳಿಸಿದೆ. ಅದು ನನ್ನ ಡ್ರಾಯರಿನಲ್ಲೇ ಇದೆ.