ದಲ್ಲಾಳಿ ಯಾರ ಪರ: ಪ್ರಾಕ್ಸಿ ಆರಿಸುವ ಕೆಲಸದಲ್ಲಿ ನಾನು ಕಲಿತದ್ದು

ಶಿವಮೊಗ್ಗದ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರದ ಶಾಖೆಗಳ ಸಂಪರ್ಕದ ಜವಾಬ್ದಾರಿಯೂ ನನ್ನ ಮೇಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವ ಪ್ರಾಕ್ಸಿ ಒಳ್ಳೆಯದೆಂದು ಕೇಳಿದಾಗ ನಾನು ಮೊದಲು ಮಂಡಿಯ ಮಾತನ್ನೇ ಎತ್ತುತ್ತೇನೆ. ಪ್ರಾಕ್ಸಿ ಎಂದರೆ ನಮ್ಮ ಕಂಪ್ಯೂಟರ್‌ಗೂ ಇಂಟರ್ನೆಟ್‌ನ ತಾಣಗಳಿಗೂ ನಡುವೆ ನಿಂತು ವ್ಯವಹಾರ ಮಾಡಿಸುವ ದಲ್ಲಾಳಿ. ಅವನು ಮಾರುವವರ ಪರ ನಿಂತಿದ್ದಾನೋ ಕೊಳ್ಳುವವರ ಪರ ನಿಂತಿದ್ದಾನೋ, ಚೀಲ ಬಿಚ್ಚಿ ನೋಡುತ್ತಾನೋ ಹೊಲಿದದ್ದನ್ನು ಹಾಗೆಯೇ ದಾಟಿಸುತ್ತಾನೋ, ಆಚೆಯವರಿಗೆ ನಮ್ಮ ಹೆಸರು ಹೇಳುತ್ತಾನೋ ತನ್ನ ಹೆಸರಷ್ಟೇ ಹೇಳುತ್ತಾನೋ ಎಂಬುದು ತಿಳಿದರೆ ಆಯ್ಕೆಯ ಬಹುಪಾಲು ಮುಗಿದಂತೆಯೇ.

ನಾನು ಮೊದಲು ಪ್ರಾಕ್ಸಿ ಹಾಕಿದ್ದು ತೀರ್ಥಹಳ್ಳಿ ಶಾಖೆಯಲ್ಲಿ. ಆಗ ಅಲ್ಲಿ ಇದ್ದದ್ದು 512 ಕೆಬಿಪಿಎಸ್‌ನ ನಿಧಾನಗತಿಯ ಬ್ರಾಡ್‌ಬ್ಯಾಂಡ್. ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದರೆ ಅದೂ ಇರುತ್ತಿರಲಿಲ್ಲ. ಎಂಟು ಕಂಪ್ಯೂಟರ್‌ಗಳು ಒಂದೇ ಪುಟವನ್ನು ಎಂಟು ಸಲ ತರಿಸಿಕೊಳ್ಳುವುದನ್ನು ತಪ್ಪಿಸಲು ಹಳೆಯ ಯಂತ್ರವೊಂದರಲ್ಲಿ ಸ್ಕ್ವಿಡ್ ಹಾಕಿದೆ. 1996ರಿಂದ ಬಳಕೆಯಲ್ಲಿರುವ ಈ ತಂತ್ರಾಂಶವು 3128ನೆಯ ಪೋರ್ಟ್‌ನಲ್ಲಿ, ಅಂದರೆ ಯಂತ್ರಕ್ಕಿರುವ ಸಂಖ್ಯೆ ಹಚ್ಚಿದ ಬಾಗಿಲುಗಳಲ್ಲೊಂದರಲ್ಲಿ, ಕಾದು ಕುಳಿತು, ಒಮ್ಮೆ ತಂದ ಪುಟವನ್ನು ತನ್ನಲ್ಲೇ ಇಟ್ಟುಕೊಂಡು ಮುಂದೆ ಕೇಳಿದವರಿಗೆ ಅಲ್ಲಿಂದಲೇ ಕೊಡುತ್ತದೆ. ಇದು ಫಾರ್ವರ್ಡ್ ಪ್ರಾಕ್ಸಿ, ಅಂದರೆ ಬಳಸುವವರ ಪರ ನಿಂತ ದಲ್ಲಾಳಿ. ಆ ಕಾಲಕ್ಕೆ ಅದರಿಂದ ಆದ ಉಪಕಾರ ದೊಡ್ಡದು.

ಆದರೆ ಕೆಲವು ವರ್ಷಗಳಲ್ಲಿ ಬಹುತೇಕ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳುಹಿಸುವ ಎಚ್‌ಟಿಟಿಪಿಎಸ್‌ಗೆ ಬದಲಾದವು. ಆಗ ಬ್ರೌಸರ್ ಪ್ರಾಕ್ಸಿಗೆ ‘ಕನೆಕ್ಟ್’ ಎಂಬ ಆಜ್ಞೆಯನ್ನು ಮಾತ್ರ ಕೊಡುತ್ತದೆ. ಇಂಥ ತಾಣದ ಇಂಥ ಪೋರ್ಟ್‌ಗೆ ದಾರಿ ಬಿಡು ಎಂಬಷ್ಟೇ ಅದರ ಅರ್ಥ. ಮುಂದೆ ಹರಿಯುವುದೆಲ್ಲ ಗೂಢಲಿಪಿಯಾದ್ದರಿಂದ ಪ್ರಾಕ್ಸಿಗೆ ತಾಣದ ಹೆಸರು ಕಾಣುತ್ತದೆ, ಪುಟ ಕಾಣುವುದಿಲ್ಲ. ಕಾಣದ್ದನ್ನು ಕೂಡಿಡುವ ಮಾತೇ ಇಲ್ಲ. ತಾಣ ಅಸಲಿಯೆಂದು ಬ್ರೌಸರ್ ನಂಬುವುದು ಪ್ರಮಾಣಪತ್ರ ನೋಡಿ; ಪ್ರತಿ ಯಂತ್ರದಲ್ಲೂ ನಮ್ಮದೇ ಮೂಲ ಪ್ರಮಾಣಪತ್ರವನ್ನು ಸೇರಿಸಿದರೆ ನಡುವೆ ಬಿಚ್ಚಿ ನೋಡಬಹುದೆಂದು ಹೊರಗಿನ ತಜ್ಞರೊಬ್ಬರು ಸಲಹೆ ಕೊಟ್ಟರು. ಸಿಬ್ಬಂದಿ ಅದೇ ಯಂತ್ರಗಳಲ್ಲಿ ಬ್ಯಾಂಕಿನ ವ್ಯವಹಾರವನ್ನೂ ನಡೆಸುವಾಗ ಅವರ ಗುಪ್ತಪದಗಳು ನನ್ನ ಪೆಟ್ಟಿಗೆಯೊಳಗೆ ಬಿಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಆಡಳಿತ ಮಂಡಳಿಗೆ ಹಾಗೆಯೇ ಬರೆದು ಕೊಟ್ಟೆ. ಇಂದು ಆ ಸ್ಕ್ವಿಡ್ ಉಳಿದಿರುವುದು ಲಿನಕ್ಸ್ ಯಂತ್ರಗಳ ಅಪ್‌ಡೇಟ್‌ಗಾಗಿ. ಆ ಅಪ್‌ಡೇಟ್‌ಗಳು ಗೂಢಲಿಪಿಯಿಲ್ಲದ ಸಾಮಾನ್ಯ ಎಚ್‌ಟಿಟಿಪಿಯಲ್ಲೇ ಬರುತ್ತವೆ. ಡಿಜಿಟಲ್ ಸಹಿಯನ್ನು ಯಂತ್ರವೇ ಪರೀಕ್ಷಿಸುವುದರಿಂದ ನಡುವೆ ಕೂಡಿಟ್ಟರೂ ಅಪಾಯವಿಲ್ಲ. ಒಂದು ಯಂತ್ರ ತರಿಸಿದ್ದನ್ನು ಉಳಿದ ಏಳು ಯಂತ್ರಗಳು ಶಾಖೆಯೊಳಗೇ ಪಡೆಯುತ್ತವೆ.

ಟ್ರಾನ್ಸ್‌ಪರೆಂಟ್ ಪ್ರಾಕ್ಸಿಯನ್ನು ಸಾಗರದಲ್ಲಿ ಕೆಲ ಕಾಲ ಬಳಸಿ ನೋಡಿದೆ. ಬ್ರೌಸರ್‌ಗೆ ಏನನ್ನೂ ತಿಳಿಸದೆ ರೂಟರ್‌ನಲ್ಲೇ ದಾರಿ ತಿರುಗಿಸುವ ವಿಧಾನ ಅದು. ಪ್ರತಿ ಯಂತ್ರದ ಬಳಿ ಹೋಗಿ ಸೆಟ್ಟಿಂಗ್ ಬದಲಿಸುವ ಶ್ರಮ ತಪ್ಪುತ್ತದೆ, ನಿಜ. ಆದರೆ ಪ್ರಾಕ್ಸಿ ಇದೆಯೆಂಬುದೇ ಬ್ರೌಸರ್‌ಗೆ ಗೊತ್ತಿಲ್ಲದ ಕಾರಣ ಬಳಕೆದಾರರ ಹೆಸರು ಕೇಳಿ ಒಳಬಿಡುವ ವ್ಯವಸ್ಥೆ ಅದರಲ್ಲಿ ನಡೆಯುವುದಿಲ್ಲ.

ಸಾಕ್ಸ್5ನ ರೀತಿಯೇ ಬೇರೆ. ಇಂಟರ್ನೆಟ್‌ನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳ ಪೈಕಿ 1996ರ 1928ನೆಯದರಲ್ಲಿ ವಿವರಿಸಿರುವ ಈ ಪ್ರಾಕ್ಸಿಯು ಒಳಗಿರುವುದು ವೆಬ್ ಪುಟವೋ ಡೇಟಾಬೇಸಿನ ಮಾತುಕತೆಯೋ ಎಂದು ನೋಡುವುದಿಲ್ಲ. ಬಂದದ್ದನ್ನು ಹಾಗೆಯೇ ದಾಟಿಸುತ್ತದೆ. ಮಳೆಗಾಲದಲ್ಲಿ ಘಟ್ಟದ ಬುಡದ ನಮ್ಮ ಮನೆಯಿಂದ ಕಚೇರಿಯ ಸರ್ವರ್ ನೋಡಬೇಕಾದಾಗ ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಮೂಲಕ ಸಾಕ್ಸ್ ದಾರಿಯೊಂದನ್ನು ತೆರೆದುಕೊಳ್ಳುತ್ತೇನೆ. ಸಾಕ್ಸ್ ತಾನಾಗಿ ಯಾವುದನ್ನೂ ಗೂಢಲಿಪಿಗೆ ಬದಲಿಸುವುದಿಲ್ಲ, ಇಲ್ಲಿ ಆ ರಕ್ಷಣೆ ಬರುವುದು ಎಸ್‌ಎಸ್‌ಎಚ್‌ನಿಂದ. ತಾಣದ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಪ್ರಶ್ನೆಯೂ ಅದೇ ದಾರಿಯಲ್ಲಿ ಹೋಗುವಂತೆ ಬ್ರೌಸರ್‌ನಲ್ಲಿ ಪ್ರತ್ಯೇಕವಾಗಿ ಹೇಳದಿದ್ದರೆ ನಾವು ಯಾವ ತಾಣಕ್ಕೆ ಹೋಗುತ್ತಿದ್ದೇವೆಂಬುದು ಹೊರಗೆ ತಿಳಿದುಬಿಡಬಹುದು.

ನನಗೆ ಹೆಚ್ಚು ಕಲಿಸಿದ್ದು ರಿವರ್ಸ್ ಪ್ರಾಕ್ಸಿ, ಅದೂ ನನ್ನದೇ ತಪ್ಪಿನಿಂದ. ಸದಸ್ಯರು ತಮ್ಮ ಲಾಟ್‌ಗೆ ಬಂದ ದರವನ್ನು ಮೊಬೈಲ್‌ನಲ್ಲಿ ನೋಡಿ ಒಪ್ಪಿಗೆ ಕೊಡುವ ತಾಣವೊಂದು ನಮ್ಮಲ್ಲಿದೆ. ಅದರ ಮುಂದೆ ಎನ್‌ಜಿನ್‌ಎಕ್ಸ್ ಎಂಬ ತಂತ್ರಾಂಶವನ್ನು ನಿಲ್ಲಿಸಿದೆ. ಇದು ಸರ್ವರ್‌ನ ಪರ ನಿಂತ ದಲ್ಲಾಳಿ. ಹೊರಗಿನವರಿಗೆ ಕಾಣುವುದು ಇವನೊಬ್ಬನೇ, ಪ್ರಮಾಣಪತ್ರವನ್ನು ತೋರಿಸುವವನೂ ಇವನೇ. ಭಾನುವಾರ ಎಲ್ಲವನ್ನೂ ಪರೀಕ್ಷಿಸಿ ನೆಮ್ಮದಿಯಿಂದ ಮನೆಗೆ ಹೋದೆ. ಮರುದಿನ ಟೆಂಡರ್. ಮಧ್ಯಾಹ್ನದ ಹೊತ್ತಿಗೆ ಹೊಸನಗರದ ಕಡೆಯ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, “ಎಂತ ಮಾರಾಯ್ರೆ, ಪಾಸ್‌ವರ್ಡ್ ಸರಿಯಾಗೇ ಹಾಕ್ತಾ ಇದ್ದೀನಿ, ಒಳಗೇ ಬಿಡ್ತಾ ಇಲ್ವಲ್ಲ” ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಮೇಜಿನ ಇನ್ನೊಂದು ಫೋನೂ ಬಡಿದುಕೊಳ್ಳತೊಡಗಿತು.

ಬಂದವರ ದಾಖಲೆಯಾದ ಲಾಗ್ ತೆರೆದು ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲಿನಲ್ಲೂ 127.0.0.1 ಎಂಬ ಒಂದೇ ವಿಳಾಸವಿತ್ತು, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಒಂದು ವಿಳಾಸದಿಂದ ಐದು ಸಲ ತಪ್ಪು ಗುಪ್ತಪದ ಬಂದರೆ ಅರ್ಧ ಗಂಟೆ ಬಾಗಿಲು ಮುಚ್ಚಬೇಕೆಂಬ ನಿಯಮವನ್ನು ನಾನೇ ಬರೆದಿದ್ದೆ. ಪ್ರಾಕ್ಸಿ ಬಂದ ಮೇಲೆ ಅಪ್ಲಿಕೇಶನ್‌ನ ಕಣ್ಣಿಗೆ ಎಲ್ಲ ಸದಸ್ಯರೂ ಒಬ್ಬರೇ ಆಗಿಬಿಟ್ಟಿದ್ದರು. ಎಲ್ಲೋ ಯಾರೋ ಒಂದೆರಡು ಸಲ ಎಡವಿದ್ದು ಸೇರಿ ಐದಾದೊಡನೆ ಎಲ್ಲರಿಗೂ ಬಾಗಿಲು ಮುಚ್ಚಿತ್ತು. ಒಪ್ಪಿಗೆಯ ಅವಧಿ ಮುಗಿಯಲು ಎರಡು ಗಂಟೆಯಷ್ಟೇ ಉಳಿದಿತ್ತು. ಕಾರ್ಯದರ್ಶಿಯವರ ಬಳಿ ಹೋಗಿ ತಪ್ಪು ನನ್ನದೆಂದು ತಿಳಿಸಿ, ಅವಧಿಯನ್ನು ಸಂಜೆಯವರೆಗೆ ವಿಸ್ತರಿಸಿಕೊಂಡೆ.

ಪರಿಹಾರ ಒಂದೆರಡು ಸಾಲಿನದು. ಮೂಲ ವಿಳಾಸವನ್ನು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಹೆಡರ್‌ನಲ್ಲಿ, ಅಂದರೆ ಕೋರಿಕೆಯ ತಲೆಬರಹದ ಸಾಲಿನಲ್ಲಿ, ಬರೆದು ಒಳಗೆ ಕಳುಹಿಸುವಂತೆ ಎನ್‌ಜಿನ್‌ಎಕ್ಸ್‌ಗೆ ಹೇಳಬೇಕು. ನಾವು ಹೇಳದೆ ಅದು ತಾನಾಗಿ ಕಳುಹಿಸುವುದಿಲ್ಲ. ಅಲ್ಲಿಗೇ ನಿಂತರೆ ಇನ್ನೊಂದು ಅಪಾಯವಿದೆ. ಆ ಹೆಡರ್ ಬರಿಯ ಅಕ್ಷರಗಳ ಸಾಲಾದ್ದರಿಂದ ಹೊರಗಿನವರು ಯಾವ ವಿಳಾಸವನ್ನು ಬೇಕಾದರೂ ಬರೆದು ಕಳುಹಿಸಬಹುದು. ಆದ್ದರಿಂದ ನಮ್ಮ ಪ್ರಾಕ್ಸಿಯೇ ಸೇರಿಸಿದ ಭಾಗವನ್ನು ಮಾತ್ರ ನಂಬುವಂತೆ ಅಪ್ಲಿಕೇಶನ್‌ನಲ್ಲಿ ಬರೆದೆ. ವಿಳಾಸದ ಲೆಕ್ಕದಲ್ಲಿ ಬಾಗಿಲು ಮುಚ್ಚುವ ನಿಯಮವನ್ನೂ ಸದಸ್ಯರ ಖಾತೆಯ ಲೆಕ್ಕಕ್ಕೆ ಬದಲಿಸಿದೆ. ಇಂಟರ್ನೆಟ್‌ನ ಹಳೆಯ ಬಗೆಯ ಐಪಿವಿ4 ವಿಳಾಸಗಳ ಕೊರತೆಯಿಂದ ಮೊಬೈಲ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸುವುದುಂಟು; ಹಾಗಿರುವಾಗ ಒಂದು ವಿಳಾಸವೆಂದರೆ ಒಬ್ಬ ಮನುಷ್ಯನೆಂದು ನಂಬುವುದು ಮೊದಲೇ ತಪ್ಪಾಗಿತ್ತು.

ಕಳೆದ ವರ್ಷ ಇನ್ನೊಂದು ಆಯ್ಕೆ ಎದುರಾಯಿತು. ರಾಶಿ, ಬೆಟ್ಟೆ, ಸರಕು, ಗೊರಬಲು ಅಡಿಕೆಯ ದರವನ್ನು ಬೇರೆ ಮಾರುಕಟ್ಟೆಯೊಂದರ ತಾಣದಿಂದ ತರುವ ನಮ್ಮ ಪುಟ್ಟ ಪ್ರೋಗ್ರಾಂ ಇದ್ದಕ್ಕಿದ್ದಂತೆ ನಿಂತಿತು. ಅದು ಬಾಡಿಗೆ ಸರ್ವರ್‌ನಿಂದ ಓಡುತ್ತಿತ್ತು. ಇಂಥ ಸರ್ವರ್‌ಗಳಿರುವ ಡೇಟಾ ಸೆಂಟರ್‌ನ ವಿಳಾಸಗಳನ್ನು ಸುಲಭವಾಗಿ ಗುರುತಿಸಬಹುದಾದ್ದರಿಂದ ಆ ತಾಣದವರು ಅವನ್ನು ತಡೆದಿದ್ದರು. ರೆಸಿಡೆನ್ಷಿಯಲ್ ಪ್ರಾಕ್ಸಿ ಕೊಂಡರೆ ಕೆಲಸವಾಗುತ್ತದೆಂದು ಸಹೋದ್ಯೋಗಿ ಹೇಳಿದರು. ಅದರಲ್ಲಿ ನಮ್ಮ ಕೋರಿಕೆ ಯಾರದೋ ಮನೆಯ ಸಂಪರ್ಕದಿಂದ ಹೊರಟಂತೆ ಕಾಣುತ್ತದೆ. ಆ ಮನೆಯವರು ತಿಳಿದು ಒಪ್ಪಿದ್ದಾರೆಯೇ, ಉಚಿತ ಆ್ಯಪ್ ಒಂದರ ಜೊತೆಗೆ ತಿಳಿಯದೆಯೇ ಬಾಗಿಲು ತೆರೆದುಕೊಟ್ಟಿದ್ದಾರೆಯೇ ಎಂಬುದು ಕೊಳ್ಳುವ ನಮಗೆ ಗೊತ್ತಾಗುವುದಿಲ್ಲ. ಉಚಿತ ಪ್ರಾಕ್ಸಿ ಪಟ್ಟಿಗಳನ್ನಂತೂ ನಾನು ಪರಿಗಣಿಸಲೇ ಇಲ್ಲ. ದಲ್ಲಾಳಿ ಯಾರೆಂದೇ ತಿಳಿಯದೆ ಚೀಲ ಒಪ್ಪಿಸುವ ಬೆಳೆಗಾರರನ್ನು ನಾನು ಈವರೆಗೆ ನೋಡಿಲ್ಲ.

ತಡೆದವರನ್ನೇ ಕೇಳೋಣವೆಂದು ಆ ತಾಣದ ನಿರ್ವಾಹಕರಿಗೆ ಸಂಘದ ಪತ್ರ ಕಳುಹಿಸಿದೆ. ನಮ್ಮ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಪುಟವನ್ನು ಕೇಳುತ್ತಿದ್ದದ್ದು ಅವರಿಗೆ ಹೊರೆಯಾಗಿತ್ತಂತೆ. ಈಗ ದಿನದ ವ್ಯಾಪಾರ ಮುಗಿದ ಮೇಲೆ ಒಂದೇ ಸಲ ಕೇಳುತ್ತೇವೆ, ನಮ್ಮ ಸರ್ವರ್‌ನ ವಿಳಾಸಕ್ಕೆ ಅವರು ಅನುಮತಿ ಕೊಟ್ಟಿದ್ದಾರೆ, ನಡುವೆ ಯಾವ ಪ್ರಾಕ್ಸಿಯೂ ಇಲ್ಲ.